ಇರುವೆ, ಸೊನ್ನೆ

ಇಂದು ಬೆಳಿಗ್ಗೆ ಮಂಗಳೂರಿನ ನಮ್ಮ ಫ್ಲ್ಯಾಟಿಗೆ ಜಿರಲೆ ಔಷಧಿ ಹೊಡೆಯುವವನು ಬಂದು ಹೋದ. ಆ ಘಾಟು ಮೂಗಿಗೆ ಅಡರಿದ್ದೇ ತಡ, ದುಬೈಯ ಅಲ್ ಕುಸೈಸಿನಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆ ನೆನಪಾಯಿತು. ನಿಮಗೆ ಮಲ್ಲಿಗೆಯ ಪರಿಮಳಕ್ಕೆ ಹಳೆಯದೆಲ್ಲ ನೆನಪಾಗಬಹುದು. ಮಾಜಿ ವಿಜ್ಞಾನ ಟೀಚರಿಗೆ ಇಷ್ಟೇ ಭಾಗ್ಯ.

ಎರಡು ಸಾವಿರದ ಹದಿನಾಲ್ಕೋ ಹದಿನೈದೋ ಇರಬೇಕು. ತಪಾಸಣೆಯವರು ಬರುತ್ತಾರೆ, ಶಾಲೆಯ ಪರಿಸರಪ್ರೀತಿ ಅವರ ಕಣ್ಣಿಗೆ ಕಾಣಬೇಕು ಎಂದು ಆಜ್ಞೆಯಾಯಿತು. ಕಾಂಕ್ರೀಟ್ ಅಂಗಳ, ಮೂರು ಬೇವಿನ ಮರ, ಪೈಪಿನ ನೀರಲ್ಲಿ ಬದುಕಿದ್ದ ಒಂದು ತುಂಡು ಹುಲ್ಲು, ಇಷ್ಟೇ ನಮ್ಮ ಕಾಡು. ನಾಲ್ಕನೇ ತರಗತಿಯ ಮಕ್ಕಳಿಗೆ ಪುಸ್ತಕ ಕೊಟ್ಟು, ಕಂಡ ಜೀವಿಗಳನ್ನೆಲ್ಲ ಬರೆಯಿರಿ ಎಂದೆ. ಎರಡು ಮೈನಾ ಸಿಕ್ಕರೆ ಹೆಚ್ಚು ಎಂದುಕೊಂಡಿದ್ದೆ. ಮೂರೇ ವಾರದಲ್ಲಿ ಅವರು ಜುಟ್ಟಿನ ಚಂದ್ರಮುಕುಟ ಹಕ್ಕಿಯನ್ನೂ ಎ.ಸಿ. ಹಿಂದೆ ಮೊಟ್ಟೆಯಿಟ್ಟ ಹಲ್ಲಿಯನ್ನೂ ಪತ್ತೆಹಚ್ಚಿದರು. ಇರುವೆ ರಿಯಾಳ ಪಾಲು. ಕಿನ್ನಿಗೋಳಿ ಕಡೆಯ ಕೊಂಕಣಿ ಹುಡುಗಿ. ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ದಿನವೂ ಬೇವಿನ ಬುಡದಲ್ಲಿ ಕೂತು ಎಣಿಸುತ್ತಿದ್ದಳು.

ತಪಾಸಣೆಯ ಮುನ್ನಾದಿನ ಶಾಲೆಯ ಆಡಳಿತ ನೋಡುವ ಶೆಟ್ಟರು ಬಂದರು.

"ಟೀಚರೇ, ನಾಳೆ ಅವರು ಬರುವಾಗ ಒಂದು ಹುಳ ಕಾಣ್ಬಾರ್ದು ಮಾರಾಯ್ರೆ. ಪೆಸ್ಟ್ ಕಂಟ್ರೋಲಿಗೆ ಹೇಳಿದ್ದೇನೆ. ಇವತ್ತೇ ಎಲ್ಲ ಖಲಾಸ್!"

"ಸರ್, ಅವರಿಗೆ ತೋರಿಸ್ಲಿಕ್ಕೆ ಇರುವುದೇ ಹುಳ ಅಲ್ವಾ?"

"ಅದು ಪುಸ್ತಕದಲ್ಲಿ ಉಂಟಲ್ಲ!"

ಸರಿ ಸರ್, ಎಂದೆ. ನನಗೆ ವೀಸಾ ಕೊಟ್ಟದ್ದು ಶಾಲೆ, ಇರುವೆಗಳಲ್ಲ.

ಮರುದಿನ ಬೆಳಿಗ್ಗೆ ರಿಯಾ ಪುಸ್ತಕ ತಂದು ತೋರಿಸಿದಳು. ಇರುವೆ, ಸೊನ್ನೆ ಎಂದು ಬರೆದಿದ್ದಳು.

"ನಿನ್ನೆಯದ್ದೇ ಬರಿ ಪುಟ್ಟಾ," ಎಂದೆ. ಮಕ್ಕಳಿಂದ ಸುಳ್ಳು ಹೇಳಿಸುವಾಗ ನನ್ನ ದನಿ ಬಹಳ ಮೃದು.

"ಬಟ್ ಮಿಸ್, ದೇ ಆರ್ ಡೆಡ್."

ಹೊರಗೆ ಕಾರು ಬಂದ ಸದ್ದಾಯಿತು. ನಾನೇ ರಬ್ಬರಿನಿಂದ ಅಳಿಸಿ, ನಲವತ್ತೆರಡು ಎಂದು ಬರೆದೆ. ಅವಳು ಅಳಲಿಲ್ಲ. ನನ್ನ ಕೈಯನ್ನೇ ನೋಡುತ್ತ ನಿಂತಿದ್ದಳು.

ತಪಾಸಣೆಯವರು ಪುಸ್ತಕ ತಿರುವಿ ಬಾಯ್ತುಂಬ ಹೊಗಳಿದರು. ಅಂಗಳಕ್ಕೆ ಒಬ್ಬರೂ ಇಳಿಯಲಿಲ್ಲ, ಬಿಸಿಲಿತ್ತು. ಶಾಲೆಗೆ ಪ್ರಶಂಸೆ, ನನಗೆ ಹೂಗುಚ್ಛ. ರಿಯಾ ಮರುದಿನ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ಯು ಓನ್ಲಿ ರೈಟ್, ಮಿಸ್," ಎಂದಳು. ಕೊಂಕು ಇರಲಿಲ್ಲ. ಬರೆಯುವವಳು ನಾನೇ ಎಂದು ನಿಜವಾಗಿ ನಂಬಿದ್ದಳು. ಮುಂದಿನ ವಾರ ಇರುವೆಗಳು ಮರಳಿ ಬಂದವು. ಅವಳು ಬೇವಿನ ಬುಡಕ್ಕೆ ಬರಲಿಲ್ಲ.

ಈಗ ಮನೆಪಾಠಕ್ಕೆ ಬರುವ ಮಕ್ಕಳು ಏನೇ ಬರೆದಿರಲಿ, ಪಕ್ಕದಲ್ಲಿ ಗುರುತು ಹಾಕುತ್ತೇನೆಯೇ ಹೊರತು ಅವರ ಅಕ್ಷರದ ಮೇಲೆ ಕೈಯಿಡುವುದಿಲ್ಲ. ಟೀಚರದ್ದು ಎಂಥ ಶಿಸ್ತು ಎಂದು ತಾಯಂದಿರು ಹೊಗಳುತ್ತಾರೆ. ಅದನ್ನೂ ನಾನು ತಿದ್ದಲು ಹೋಗುವುದಿಲ್ಲ.