ಐದನೇ ಬೆಡ್‌ಗೆ ಅಡ್ಡ ನಿಂತವರು

ಡಿಸೆಂಬರ್ ಬಂತೆಂದರೆ ಅವರ ಬೆರಳ ಗೆಣ್ಣುಗಳು ಬಿರುಕು ಬಿಟ್ಟು ರಕ್ತ ಜಿನುಗುತ್ತಿತ್ತು. ಬಳೆ, ಉಂಗುರ, ವಾಚು ಯಾವುದೂ ಇಲ್ಲದ ಕೈ. ದೆಹಲಿಯ ಚಳಿಯಲ್ಲಿ ದಿನವಿಡೀ ತೊಳೆದು ತೊಳೆದು ಚರ್ಮ ಬಿಳಿಚಿಕೊಂಡಿತ್ತು. ಡ್ಯೂಟಿ ಮುಗಿದ ಮೇಲೆ ಚೀಲದಿಂದ ಕೊಬ್ಬರಿ ಎಣ್ಣೆಯ ಪುಟ್ಟ ಬಾಟಲಿ ತೆಗೆದು ಕೈಗೆ ಸವರಿಕೊಂಡು ಮೆಟ್ರೊ ಸ್ಟೇಷನ್ನಿನ ಕಡೆ ಹೊರಡುತ್ತಿದ್ದರು.

ನಾನು ತುಮಕೂರಿನಿಂದ ಹೋಗಿ ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುಗೆ ಕಿರಿಯ ವೈದ್ಯೆಯಾಗಿ ಸೇರಿದಾಗ ಅವರು ಇನ್‌ಚಾರ್ಜ್ ಸಿಸ್ಟರ್. ಚಿತ್ರದುರ್ಗದ ಕಡೆಯವರು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಗಂಡನ ಜೊತೆ ಬಂದು ರೋಹಿಣಿಯಲ್ಲಿ ನೆಲೆಸಿದ್ದರು. ಮೊದಲ ದಿನ ಅವರ ಬಾಯಲ್ಲಿ ಕನ್ನಡ ಕೇಳಿ ತವರಿಗೆ ಬಂದಷ್ಟು ಸಂತೋಷಪಟ್ಟೆ. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಒಬ್ಬ ರೋಗಿಯನ್ನು ನೋಡಿ, ಗ್ಲೌಸ್ ಕಳಚಿ ಎಸೆದು, ಪಕ್ಕದವರ ಡ್ರಿಪ್‌ಗೆ ಕೈ ಹಾಕಲು ಹೋದೆ.

“ಡಾಕ್ಟ್ರೇ, ಕೈ.”

“ಗ್ಲೌಸ್ ಹಾಕ್ಕೊಂಡಿದ್ದೆನಲ್ಲ ಸಿಸ್ಟರ್.”

“ಅದನ್ನ ತೆಗೆಯುವಾಗ ಕೈಗೆ ಏನೂ ತಾಗಲ್ಲ ಅಂತ ಯಾರು ಹೇಳಿದ್ರು? ತೊಳ್ಕೊಂಡು ಬನ್ನಿ. ನಾನು ಕಾಯ್ತೀನಿ.”

ಎಲ್ಲರ ಎದುರಿಗೆ ಹೇಳಿದರಲ್ಲ ಎಂದು ನನಗೆ ಸಿಟ್ಟು ಬಂತು. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಸಾಬೂನ್ ಮೇಡಂ’ ಎನ್ನುತ್ತಿದ್ದರು. ಇಂಥ ಹಟದ ಹಿಂದೆ ಯಾವುದೋ ಸಾವಿನ ಕಥೆ ಇರಬೇಕೆಂದು ಊಹಿಸಿ ಒಮ್ಮೆ ಕೇಳಿಯೇಬಿಟ್ಟೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಕೈ ತೊಳ್ಕೊಳ್ಳಿ ಅನ್ನೋದಕ್ಕೆ ನಮ್ಮನೇಲಿ ಯಾರಾದ್ರೂ ಸತ್ತಿರಬೇಕಾ? ಇದು ಕೆಲಸ ಡಾಕ್ಟ್ರೇ.”

ಕೈಕೆಳಗಿನವರ ಮೇಲೆ ಮಾತ್ರ ಅವರು ಹರಿಹಾಯುತ್ತಿರಲಿಲ್ಲ. ಒಬ್ಬಳೇ ನರ್ಸ್ ನಾಲ್ಕು ಬೆಡ್ ನೋಡಬೇಕಾದ ದಿನ ತಾವೇ ಎರಡು ಬೆಡ್ ವಹಿಸಿಕೊಂಡು, ಆಮೇಲೆ ಆಫೀಸಿಗೆ ಹೋಗಿ ಇನ್ನೂ ಜನ ಬೇಕೆಂದು ಜಗಳವಾಡುತ್ತಿದ್ದರು. ಅವರ ಕಣ್ಣು ಯಾವಾಗಲೂ ಮೇಲಿನವರ ಮೇಲೆ.

ಒಂದು ಬೆಳಿಗ್ಗೆ ರೌಂಡ್ಸ್‌ನಲ್ಲಿ ಆಸ್ಪತ್ರೆಯ ಹಿರಿಯ ಸರ್ಜನ್ ನಾಲ್ಕನೇ ಬೆಡ್‌ನ ಗಾಯ ಮುಟ್ಟಿ ನೋಡಿ, ಹಾಗೆಯೇ ಐದನೇ ಬೆಡ್ ಕಡೆ ನಡೆದರು. ಸಿಸ್ಟರ್ ಅಡ್ಡ ಬಂದು ನಿಂತರು. ಸರ್ಜನ್ನರ ಹಿಂದೆ ಬರುತ್ತಿದ್ದ ನಾವು ಏಳೆಂಟು ಜನವೂ ನಿಂತೆವು.

“ಅಬ್ ಆಪ್ ಮುಝೆ ಸಿಖಾಯೇಂಗೀ?” ಈಗ ನೀವು ನನಗೆ ಕಲಿಸುತ್ತೀರೋ ಎಂದರು ಸರ್ಜನ್.

“ಸಿಖಾ ನಹೀಂ ರಹೀ ಸರ್. ರೋಕ್ ರಹೀ ಹೂಂ.”

ಕಲಿಸುತ್ತಿಲ್ಲ, ತಡೆಯುತ್ತಿದ್ದೇನೆ. ದನಿ ಏರಿಸಲಿಲ್ಲ, ಜಾಗವನ್ನೂ ಬಿಡಲಿಲ್ಲ. ಸರ್ಜನ್ ಕೊನೆಗೆ ಬೆಡ್ ಬದಿಯ ಸ್ಯಾನಿಟೈಸರನ್ನು ಒತ್ತಿ ಕೈ ಉಜ್ಜಿಕೊಂಡರು. ರೌಂಡ್ಸ್ ಮುಗಿಸಿ ನೇರವಾಗಿ ದೂರು ಕೊಡಲು ಹೋದರು.

ಅದೇ ತಿಂಗಳು ಆಸ್ಪತ್ರೆಗೆ ಪ್ರಮಾಣಪತ್ರ ಕೊಡುವ ತಪಾಸಣಾ ತಂಡ ಬರುವುದಿತ್ತು. ರೋಗಿಯನ್ನು ಮುಟ್ಟುವ ಮುಂಚೆ ಯಾರು ಕೈ ಶುಚಿ ಮಾಡಿಕೊಂಡರು, ಯಾರು ಮಾಡಿಕೊಳ್ಳಲಿಲ್ಲ ಎಂದು ಸಿಸ್ಟರ್ ಪ್ರತಿ ತಿಂಗಳು ಒಂದು ಹಾಳೆಯಲ್ಲಿ ಬರೆದಿಡುತ್ತಿದ್ದರು. ಸೂಪರಿಂಟೆಂಡೆಂಟರು ಸಿಸ್ಟರನ್ನು ಕರೆಸಿ, ಇಷ್ಟೊಂದು ಕಡೆ ‘ಇಲ್ಲ’ ಎಂದಿದ್ದರೆ ಹೇಗೆ, ಸ್ವಲ್ಪ ಕಡಿಮೆ ಮಾಡಿ ಎಂದರಂತೆ. ಕ್ಯಾಂಟೀನಿನಲ್ಲಿ ಅದನ್ನು ನನಗೆ ಹೇಳುತ್ತ ಸಿಸ್ಟರ್ ನಕ್ಕರು. “ಕಮ್ಮಿ ಮಾಡೋಕೆ ಎರಡು ದಾರಿ ಇದೆ ಸರ್, ಒಂದು ಎಲ್ಲರೂ ಕೈ ತೊಳೆಯೋದು, ಇನ್ನೊಂದು ನನ್ನಿಂದ ಆಗಲ್ಲ ಅಂದೆ.”

ವಾರದೊಳಗೆ ಅವರನ್ನು ನೆಲಮಾಳಿಗೆಯ ಬಟ್ಟೆ ಸ್ಟೋರಿಗೆ ಹಾಕಿದರು. ಅಲ್ಲಿ ಅವರು ಸರಿಯಾಗಿ ಒಗೆಯದ ಬೆಡ್‌ಶೀಟುಗಳನ್ನು ಗಂಟು ಕಟ್ಟಿ ವಾಪಸ್ ಕಳಿಸತೊಡಗಿದಾಗ ಲಾಂಡ್ರಿಯವನೂ ದೂರು ಕೊಟ್ಟ.

ಆ ತಿಂಗಳ ಹಾಳೆ ನನ್ನ ಮೇಜಿಗೆ ಬಂತು. ಆಗಲೇ ಯಾರೋ ತುಂಬಿದ್ದರು, ಎಲ್ಲ ಕಡೆ ‘ಹೌದು’. ಸಿಸ್ಟರ್ ಬದಲು ನನ್ನ ಸಹಿಯಷ್ಟೇ ಬೇಕಿತ್ತು. ನನ್ನ ಕಾಂಟ್ರಾಕ್ಟ್ ಮುಗಿಯುತ್ತ ಬಂದಿತ್ತು. ಹಾಕಿದೆ.

ಸುದ್ದಿ ಅವರಿಗೆ ಮುಟ್ಟಿತು. ಕ್ಯಾಂಟೀನಿನಲ್ಲಿ ಚಹಾ ಹಿಡಿದು ನನ್ನೆದುರು ಬಂದು ಕೂತರು.

“ಸಹಿ ಹಾಕೋ ಮುಂಚೆ ಹಾಳೆ ನೋಡಿದ್ರಾ?”

“ನೋಡಿದೆ.”

“ಸರಿ ಹಾಗಾದ್ರೆ. ನೋಡದೆ ಹಾಕಿದ್ದಿದ್ರೆ ಪೆದ್ದುತನ ಅಂತ ಬಿಟ್ಟುಬಿಡ್ತಿದ್ದೆ.”

ಚಹಾ ಮುಗಿಸಿ ಎದ್ದು ಹೋದರು. ಮುಖ ತೊಳೆಯುವ ನೆಪದಲ್ಲಿ ಬಾತ್‌ರೂಮಿಗೆ ಹೋಗಿ ಅತ್ತೆ. ಸಂಜೆಯೊಳಗೆ, ಆ ಹಾಳೆ ಸುಳ್ಳು, ನನ್ನ ಸಹಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಪತ್ರ ಬರೆದು ಸೂಪರಿಂಟೆಂಡೆಂಟರ ಕೈಗೇ ಕೊಟ್ಟೆ. ಪತ್ರ ಎಲ್ಲಿ ಹೋಯಿತೋ. ಪ್ರಮಾಣಪತ್ರವೇನೋ ಬಂತು, ಗೋಡೆಗೂ ಏರಿತು. ನನ್ನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ.

ಹೇಳಿದಾಗ ಸಿಸ್ಟರ್ ಹೊಗಳಲಿಲ್ಲ. “ಅಚ್ಛಾ. ಚಲೋ, ಬೇರೆ ಕಡೆ ಅರ್ಜಿ ಹಾಕಿ. ನನ್ನ ಹೆಸರು ಮಾತ್ರ ಬರೀಬೇಡಿ, ಯಾರೂ ಕೆಲಸ ಕೊಡಲ್ಲ.”

ನಿವೃತ್ತರಾಗಿ ಎರಡು ವರ್ಷಕ್ಕೆ, ಕಳೆದ ಚಳಿಗಾಲದಲ್ಲಿ, ನ್ಯುಮೋನಿಯಾ ಆಗಿ ಅವರು ತೀರಿಕೊಂಡರು. ರೋಹಿಣಿಯ ಮನೆಗೆ ಹೋದಾಗ ಮಗಳು, ದೆಹಲಿಯಲ್ಲೇ ಬೆಳೆದವಳು, ಪಕ್ಕದಲ್ಲಿ ಕೂತು ಹೇಳಿದಳು. “ದೀದಿ, ಅಮ್ಮ ಐಸಿಯುನಲ್ಲೂ ಸುಮ್ನೆ ಇರ್ಲಿಲ್ಲ. ಗಂಟಲಲ್ಲಿ ಪೈಪ್ ಥಾ, ಮಾತಾಡೋಕೆ ಆಗಲ್ಲ. ಫಿರ್ ಭೀ ಡಾಕ್ಟರ್ ಮುಟ್ಟೋಕೆ ಬಂದ್ರೆ ತಳ್ಳಿ, ನಲ್ಲಿ ಕಡೆ ತೋರಿಸ್ತಿದ್ರು.”

“ಅವರು ತೊಳೆದ್ರಾ?”

“ಪೆಹಲೇ ದಿನ ಡಾಕ್ಟರ್‌ಗೆ ಗುಸ್ಸಾ ಆಯ್ತು, ರೇಗಿದ್ರು. ಆಮೇಲೆ ಬಾಗಿಲಲ್ಲೇ ಒದ್ದೆ ಕೈ ತೋರಿಸಿ ಒಳಗೆ ಬರ್ತಿದ್ರು.”

ಈಗ ನಾನು ಗುರುಗ್ರಾಮದ ಒಂದು ಆಸ್ಪತ್ರೆಯಲ್ಲಿದ್ದೇನೆ. ಹಟಮಾರಿ ಎಂಬ ಹೆಸರು ಬಂದಿದೆ. ಅದು ಅವರಿಂದ ಬಂದದ್ದು, ಅದಕ್ಕೆ ನಾನು ಋಣಿ. ಇಲ್ಲಿ ಕೈ ಶುಚಿಯ ಹಾಳೆ ತುಂಬುವವಳು ನಾನೇ. ಹೋದ ತಿಂಗಳು, ತಪಾಸಣೆಗೆ ಮುಂಚೆ, ಆಫೀಸಿನವರು ಫೋನ್ ಮಾಡಿ, ಆ ‘ಹೌದು–ಇಲ್ಲ’ಗಳನ್ನು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಡಿ ಎಂದರು. ನನ್ನ ಹತ್ತಿರ ಪೆನ್ಸಿಲ್ ಇಲ್ಲ ಎಂದೆ.