ಲಾಲ್‌ಸಾಬ್ ಮಾರಲು ಕೂತ ಹೆಸರು

ದಲ್ಲಾಳಿ ಲಾಲ್‌ಸಾಬನ ಬಲಗೈ ಮೂರು ಸಂತೆಗಳಿಗೆ ಗೊತ್ತಿತ್ತು, ಮುಖ ಅಷ್ಟಾಗಿ ಗೊತ್ತಿರಲಿಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರಿನ ದನದ ಸಂತೆಗಳಲ್ಲಿ ಎತ್ತು ಕೊಳ್ಳುವವರೂ ಮಾರುವವರೂ ಹುಡುಕುತ್ತಿದ್ದದ್ದು ಅವನ ಹೆಗಲ ಮೇಲಿನ ಕೆಂಪಂಚಿನ ಟವೆಲ್ಲನ್ನು. ಅದನ್ನು ತನ್ನ ಕೈ ಮೇಲೂ ಎದುರಿನವನ ಕೈ ಮೇಲೂ ಹಾಸಿಕೊಂಡು, ಅದರ ಕೆಳಗೆ ಬೆರಳು ಹಿಡಿದು, ಗೆಣ್ಣು ಒತ್ತಿ ಅವನು ವ್ಯಾಪಾರ ಕುದುರಿಸುತ್ತಿದ್ದ. ಯಾವ ಬೆರಳಿಗೆ ಎಷ್ಟು ಎನ್ನುವುದು ಆ ಇಬ್ಬರಿಗೆ ಮಾತ್ರ ತಿಳಿಯುತ್ತಿತ್ತು. ಸುತ್ತ ನಿಂತವರು ಅಲ್ಲಾಡುವ ಬಟ್ಟೆ ನೋಡಿ ಬಾಯಿ ಚಪ್ಪರಿಸಬೇಕು, ಅಷ್ಟೆ.

ಬೆಲೆಯನ್ನು ಬಾಯಿಂದ ಆಡಬಾರದು. ಬಾಯಿಬಿಟ್ಟು ಹೇಳಿದ ರೇಟು ಕುದುರದಿದ್ದರೆ ಮುಂದಿನ ಗಿರಾಕಿ ಅದಕ್ಕಿಂತ ಕೆಳಗಿನಿಂದಲೇ ಶುರು ಮಾಡುತ್ತಾನೆ, ಎತ್ತು ಸಂಜೆತನಕ ಸಂತೆಯಲ್ಲೇ ನಿಲ್ಲುತ್ತದೆ. ಕಸುಬಿನ ಈ ನಿಯಮ ಲಾಲ್‌ಸಾಬನ ಮೈಗೇ ಹತ್ತಿಬಿಟ್ಟಿತ್ತು. ಒಮ್ಮೆ ತನ್ನ ಊರಾದ ಗುರುಗುಂಟಾದಲ್ಲಿ ತರಕಾರಿ ಮಾರುವ ಗದ್ದೆಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬದನೆಕಾಯಿಗೆ ಎಷ್ಟು ಎಂದು ಕೇಳಿದವನು ಮರೆತು ಕೈ ಚಾಚಿಬಿಟ್ಟ.

"ಏ ಲಾಲ್‌ಸಾಬ, ಕೈ ತೆಗಿ! ಬದನಿಕಾಯಿಗೂ ಬಟ್ಟಿ ಮುಚ್ಚಬೇಕೇನು? ಬಾಯಾಗ ಏನ್ ಇಟ್ಕೊಂಡೀದಿ?" ಎಂದು ಗದ್ದೆಮ್ಮ ಕೂಗಿದ್ದು ಓಣಿಗೆಲ್ಲ ಕೇಳಿತು. ಓಣಿ ನಕ್ಕಿತು, ಅವನೂ ನಕ್ಕ. ಎಂಬತ್ತರ ದಶಕವದು, ನಗುವಷ್ಟು ವ್ಯಾಪಾರವಿತ್ತು. ಕಾಲುವೆ ನೀರು ಬಂದ ಊರುಗಳಿಂದ ರೈತರು ಕೆಸರುಗದ್ದೆಗೆ ಗಟ್ಟಿ ಎತ್ತು ಬೇಕೆಂದು ಮುಗಿಬಿದ್ದು ಬರುತ್ತಿದ್ದರು.

ಆಮೇಲೆ ಅದೇ ಕಾಲುವೆ ಊರುಗಳಿಗೆ ಟ್ರ್ಯಾಕ್ಟರ್ ಬಂದವು. ಟ್ರ್ಯಾಕ್ಟರಿಗೆ ದಲ್ಲಾಳಿ ಬೇಕಿಲ್ಲ, ಅದರ ರೇಟನ್ನು ಶೋರೂಮಿನವರು ಗೋಡೆಗೇ ಅಂಟಿಸಿರುತ್ತಾರೆ. ತೊಂಬತ್ತೈದರ ಹೊತ್ತಿಗೆ ಲಾಲ್‌ಸಾಬ್ ಸಂತೆಗೆ ಹೋಗುವುದೆಂದರೆ ಚಹಾ ಕುಡಿದು ಬರುವುದು ಎಂದಾಗಿತ್ತು. ಹೆಂಡತಿ ತೀರಿಹೋಗಿದ್ದಳು. ಉಳಿದವಳು ಒಬ್ಬಳೇ ಮಗಳು, ಮಾಸುಂಬಿ. ಅವಳ ನಸೀಬೂ ಅಷ್ಟಕ್ಕಷ್ಟೆ.

ಮಾಸುಂಬಿಯನ್ನು ಮಸ್ಕಿಗೆ ಕೊಟ್ಟಿದ್ದ. ಗಂಡ ಲಾರಿ ಮೇಲೆ ಹೋದವನು ಹೆಣವಾಗಿ ಬಂದ. ಗಂಡನ ಮನೆಯವರದು ಮಸ್ಕಿಯಲ್ಲಿ ಒಂದು ಹೋಟೆಲು. ಸೊಸೆ ಕೋಳಿ ಕೂಗುವ ಮೊದಲು ಎದ್ದು ಹಿಟ್ಟು ರುಬ್ಬಬೇಕು, ಗಿರಾಕಿಗಳ ತಟ್ಟೆ ತೊಳೆಯಬೇಕು, ರಾತ್ರಿ ಉಳಿದದ್ದನ್ನು ಉಣ್ಣಬೇಕು. ಅತ್ತೆ ಸರ್ದಾರಬಿ ಹೊಡೆಯುವವಳಲ್ಲ, ಬೈಯುವವಳೂ ಅಲ್ಲ. ಸೊಸೆಯೆಂಬ ಜೀವ ಮನೆಯಲ್ಲಿದೆ ಎನ್ನುವುದೇ ಅವಳಿಗೆ ನೆನಪಿರುತ್ತಿರಲಿಲ್ಲ. ಮಾಸುಂಬಿ ಹತ್ತನೇ ಇಯತ್ತೆ ಪಾಸಾದವಳು, ಇಂಗ್ಲಿಷ್ ಟೈಪಿಂಗ್ ಕಲಿತವಳು. ಸಿಂಧನೂರಿನ ಬಸ್‌ಸ್ಟ್ಯಾಂಡ್ ಬಳಿ ಮುದುಕಪ್ಪನ ಎಸ್‌ಟಿಡಿ ಬೂತಿನಲ್ಲಿ ಕೆಲಸ ಸಿಕ್ಕಾಗ ಅವಳು ಮಸ್ಕಿ ಬಿಟ್ಟು ಬಂದಳು. ಲಾಲ್‌ಸಾಬನೂ ಗುರುಗುಂಟಾ ಬಿಟ್ಟು ಬಂದ. ಒಂದು ಬಾಡಿಗೆ ಕೋಣೆ, ಇಬ್ಬರ ಊಟ, ಎಲ್ಲ ಅವಳ ಪಗಾರದಲ್ಲಿ. "ಕೆಲಸ ಇರೋತನ ಇರ್ಲಿ, ಕೆಲಸ ಹೋತಂದ್ರ ನಮ್ಮನಿಗೆ ಬರ್ಲಿ, ಕೈ ಕಡಿಮಿ ಬಿದ್ದಾವ" ಎಂದು ಸರ್ದಾರಬಿ ಹೇಳಿ ಕಳಿಸಿದ್ದಳು.

ತೊಂಬತ್ತೆಂಟರಲ್ಲಿ ಮುದುಕಪ್ಪ ಬೂತಿಗೆ ಕಂಪ್ಯೂಟರ್ ತಂದ, ಫೋನ್ ಲೈನಿಗೆ ಅದನ್ನು ಜೋಡಿಸಿದ. ಜೋಡಿಸಲು ಹೈದರಾಬಾದಿನಿಂದ ಬಂದ ಮೆಕ್ಯಾನಿಕ್ ಒಂದು ಸುದ್ದಿ ಬಿಟ್ಟು ಹೋದ. ಮುಂದೆ ಪ್ರತಿ ಅಂಗಡಿಗೂ ಇಂಟರ್‌ನೆಟ್ಟಿನಲ್ಲಿ ಒಂದು ಹೆಸರು ಬೇಕಾಗುತ್ತದಂತೆ. ಒಂದು ಹೆಸರು ಒಬ್ಬರಿಗೇ ಅಂತೆ. ಮೊದಲು ಬರೆಸಿದವರದೇ ಹಕ್ಕು, ಆಮೇಲೆ ಬೇಕೆಂದವರು ಅವರಿಂದಲೇ ಕೊಳ್ಳಬೇಕು. ಮಾಸುಂಬಿ ಎರಡು ದಿನ ಯೋಚಿಸಿ, ಕಿವಿಯ ಝುಮಕಿ ಮಾರಿ, ಹೈದರಾಬಾದಿಗೆ ದುಡ್ಡು ಕಳಿಸಿ ಆ ಮೆಕ್ಯಾನಿಕ್‌ನ ಕೈಯಿಂದಲೇ 'ಸಿಂಧನೂರುರೈಸ್ ಡಾಟ್ ಕಾಮ್' ಎಂಬ ಹೆಸರು ಬರೆಸಿದಳು. ಲಾಲ್‌ಸಾಬ್ ಅವಳ ಬರಿ ಕಿವಿ ನೋಡಿ ಗಾಬರಿಯಾದ.

"ಹೆಸರು ಅಂದ್ರ ಏನ್ ಬೇಟಿ? ಎತ್ತಿನಂಗ ಹಲ್ಲು ಎಣಸಾಕ ಬರಂಗಿಲ್ಲ, ನಡಸಿ ನೋಡಾಕ ಬರಂಗಿಲ್ಲ. ಇಂಥಾದ್ದು ಯಾರ್ ತಗೋತಾರ?"

"ಸಿಂಧನೂರು ಅಕ್ಕಿ ಮಾರೋರು ತಗೋತಾರ ಅಬ್ಬಾ. ದುಬೈತನ ಹೋಗ್ತೈತಿ ನಮ್ಮ ಅಕ್ಕಿ."

ಆ ದೀಪಾವಳಿಗೆ ಮುದುಕಪ್ಪ ಇನ್ನೊಂದು ಸುದ್ದಿ ಹೇಳಿದ. ಯುಗಾದಿಗೆ ಬೂತು ಬಿಟ್ಟು ಅವನು ಗಂಗಾವತಿಯ ಮಾವನ ಅಕ್ಕಿ ಗಿರಣಿಗೆ ಹೋಗುತ್ತಾನೆ. ಜಾಗಕ್ಕೆ ಗೊಬ್ಬರದಂಗಡಿಯವರು ಬಂದು ಕೇಳಿದ್ದಾರೆ. "ನೀ ಮುಂಗಡ ಕೊಟ್ರ ಮೊದ್ಲು ನಿನಗ ನೋಡವಾ" ಎಂದ. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನಕ್ಕೂ ಒಂದು ಗಡುವು ಇರುತ್ತದಲ್ಲ. ಹೆಸರು ಮಾರಿದರೆ ಬೂತು, ಇಲ್ಲದಿದ್ದರೆ ಮಸ್ಕಿಯ ಹೋಟೆಲು. ಅವಳ ಮುಂದಿದ್ದದ್ದು ಇವೆರಡೇ, ಗುರುಗುಂಟಾದಲ್ಲಿ ಇಬ್ಬರ ಹೊಟ್ಟೆಗಾಗುವ ದುಡಿಮೆ ಇರಲಿಲ್ಲ. ಹೆಂಗಸನ್ನು ಗಲ್ಲೆಯ ಮುಂದೆ ಕೂರಿಸುವ ಬೇರೆ ಅಂಗಡಿ ಆಗ ಸಿಂಧನೂರಿನಲ್ಲಿ ಅವಳಿಗೆ ಸಿಗಲಿಲ್ಲ, ಕೇಳಿ ನೋಡಿದ್ದಳು.

ಮೊದಲು ಊರಿನ ಗಿರಣಿಗಳಿಗೆ ಹೋದಳು. ಗಿರಣಿ ಸಾವುಕಾರ ಆದೆಪ್ಪ ಚಹಾ ತರಿಸಿಕೊಟ್ಟು, "ನಮ್ಮ ಹೆಸರು ಚೀಲದ ಮ್ಯಾಲ ಐತವಾ. ಕಂಪ್ಯೂಟರ್‌ನ್ಯಾಗ ಯಾರು ಅನ್ನ ಮಾಡ್ಕೊಂಡು ಉಣ್ತಾರ?" ಎಂದು ನಕ್ಕು ಕಳಿಸಿದ. ಊರಿನವರ ನಗು ಸಾಕೆನಿಸಿ ಅವಳು ಊರು ಕಾಣದವರಿಗೆ ಬರೆಯಲು ಕೂತಳು. ಪೇಪರಿನ ಜಾಹೀರಾತುಗಳಿಂದ, ಗಿರಣಿಗೆ ಬಂದುಹೋದ ವ್ಯಾಪಾರಿಗಳ ಕಾರ್ಡುಗಳಿಂದ ಇ-ಮೇಲ್ ವಿಳಾಸ ಹೆಕ್ಕಿದಳು. ಬೂತಿನಲ್ಲಿ ಜನ ಇಲ್ಲದ ಹೊತ್ತು ನೋಡಿ ಒಂದೊಂದೇ ಕಳಿಸಿದಳು. ಲೈನಿನ ಖರ್ಚು ಅವಳ ಪಗಾರದಲ್ಲೇ ಮುರಿಯುತ್ತಿತ್ತು. ಅವಳ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಆ ಪತ್ರ ಹೀಗಿತ್ತು: "ಮಾನ್ಯರೇ, ನಿಮಗೆ ನಾನು ಗೊತ್ತಿಲ್ಲ, ನನಗೆ ನೀವು ಗೊತ್ತಿಲ್ಲ. ಆದರೆ ಸಿಂಧನೂರಿನ ಅಕ್ಕಿ ನಿಮಗೆ ಗೊತ್ತಿರಬೇಕು. ಆ ಹೆಸರು ಇಂಟರ್‌ನೆಟ್ಟಿನಲ್ಲಿ ನನ್ನ ಬಳಿ ಇದೆ. ಬೇಕಿದ್ದರೆ ತಿಳಿಸಿ."

ಬೇಕೆಂದು ಯಾರೂ ತಿಳಿಸಲಿಲ್ಲ. ಎಷ್ಟೋ ಪತ್ರ ವಿಳಾಸ ಸರಿಯಿಲ್ಲವೆಂದು ವಾಪಸು ಬಂದವು. ಮದ್ರಾಸಿನ ಅಂಗಡಿಯೊಂದು ಅರ್ಧ ಕಿಲೋ ಸ್ಯಾಂಪಲ್ ಕಳಿಸಿ ಎಂದಿತು. ದುಬೈಯಿಂದ ಒಬ್ಬ, ಇನ್ನೊಮ್ಮೆ ಬರೆದರೆ ಚೆನ್ನಾಗಿರುವುದಿಲ್ಲ ಎಂದು ಬರೆದ. ಅವತ್ತು ಅವಳು ಉಣ್ಣದೆ ಮಲಗಿದಳು. ಹೊಟ್ಟೆಪಾಡಿಗೆ ಅಪರಿಚಿತರ ಬಾಗಿಲು ಬಡಿಯುವುದು, ಒಳಗಿನಿಂದ ಬೈಸಿಕೊಳ್ಳುವುದು, ಮರುದಿನ ಮತ್ತೊಂದು ಬಾಗಿಲಿಗೆ ಹೋಗುವುದು. ಮಗಳಿಗೆ ಇಂಥ ಕಸುಬು ಬಂತಲ್ಲ ಎಂದು ಲಾಲ್‌ಸಾಬ್ ಮರುಗಿದ. ತನ್ನದೂ ಅದೇ ಕಸುಬಾಗಿತ್ತೆಂದು ಹೊಳೆದಾಗ ಇನ್ನಷ್ಟು ಮರುಗಿದ.

ಸಂಕ್ರಾಂತಿ ಕಳೆದ ವಾರ ಬೊಂಬಾಯಿಯ ಅಕ್ಕಿ ರಫ್ತಿನ ಕಂಪನಿಯೊಂದರಿಂದ ಉತ್ತರ ಬಂತು. ಹೆಸರು ನಮಗೆ ಹಿಡಿಸಿದೆ, ಬೆಲೆ ಎಷ್ಟು, ತಿಳಿಸಿ. ಅಷ್ಟೇ ಇತ್ತು.

ಲಾಲ್‌ಸಾಬ್ ಮಧ್ಯಾಹ್ನದ ಬುತ್ತಿ ತಂದಾಗ ಮಾಸುಂಬಿ ಉತ್ತರ ಬರೆದು ಮುಗಿಸಿದ್ದಳು. ಮುದುಕಪ್ಪನ ಮುಂಗಡಕ್ಕೆ ಸರಿಯಾಗುವಷ್ಟು ಬೆಲೆ ಹಾಕಿದ್ದಳು, ಕಳಿಸುವುದೊಂದು ಬಾಕಿ. ಖುಷಿ ತಡೆಯದೆ ಅಪ್ಪನಿಗೆ ಓದಿ ಹೇಳಿದಳು.

"ತಡಿ!" ಎಂದ ಲಾಲ್‌ಸಾಬ್. ಬುತ್ತಿ ಕೈಯಲ್ಲೇ ಉಳಿಯಿತು. "ರೇಟ್ ಹೇಳಾಕತ್ತೀಯೇನು? ಅವನ ಮಾರಿ ನೋಡಿಲ್ಲ, ಕೈ ಹಿಡದಿಲ್ಲ, ರೇಟ್ ಹೇಳ್ತಾರ?"

"ಅಂವ ಕೇಳ್ಯಾನಲ್ಲ ಅಬ್ಬಾ."

"ಕೇಳ್ತಾನ. ಗಿರಾಕಿ ಕೇಳೋದ ಅದಕ್ಕ. ಮೊದ್ಲು ಬಾಯಿ ಬಿಟ್ಟಾವ ಸೋತಂಗ. ಮಾಲು ನೋಡಾಕ ಬರ್ರಿ, ಕುಂತು ಮಾತಾಡೂಣು ಅಂತ ಬರಿ. ಬೇಕಾಗಿದ್ರ ಬರ್ತಾನ. ಬಂದ ಮ್ಯಾಲ ನನಗ ಬಿಡು."

ಮಾಸುಂಬಿ ಪರದೆ ನೋಡಿದಳು, ಅಪ್ಪನನ್ನು ನೋಡಿದಳು. ಎಷ್ಟೋ ವರ್ಷದ ಮೇಲೆ ಅವನ ಬೆನ್ನು ನೆಟ್ಟಗಾಗಿತ್ತು. ವ್ಯಾಪಾರ ಬಲ್ಲವನೆಂದು ಅವಳಿಗೆ ಗೊತ್ತಿದ್ದದ್ದು ಅವನೊಬ್ಬನೇ. ಅವಳು ಬೆಲೆ ಅಳಿಸಿ ಅವನು ಹೇಳಿದ ಹಾಗೆ ಬರೆದಳು.

ಮರುದಿನದಿಂದ ಲಾಲ್‌ಸಾಬ್ ಹೊಸಬನಾದ. ಟವೆಲ್ಲಿಗೆ ಸಾಬೂನು ಹಾಕಿ ಒಗೆದ, ಗಡ್ಡ ಕತ್ತರಿಸಿಕೊಂಡ, ದಿನಾ ಬೂತಿಗೆ ಹೋಗಿ ಬೆಂಚಿನ ಮೇಲೆ ಕೂತ. ಬೊಂಬಾಯಿಯಿಂದ ಮತ್ತೊಂದು ಪತ್ರ ಬಂತು. ಇಷ್ಟಕ್ಕಾಗಿ ನಾವು ಅಷ್ಟು ದೂರ ಬರಲಾಗುವುದಿಲ್ಲ, ದಯವಿಟ್ಟು ಬೆಲೆ ತಿಳಿಸಿ, ತುರ್ತಾಗಿದೆ.

"ನೋಡಿದ್ಯಾ?" ಲಾಲ್‌ಸಾಬ್ ಮೊಣಕಾಲು ತಟ್ಟಿಕೊಂಡ. "ಎರಡನೇ ಸಲ ಕೇಳ್ಯಾನ ಅಂದ್ರ ಗಿರಾಕಿ ಹಸದಾನ. ಈಗ ಏನೂ ಬರಿಬ್ಯಾಡ. ಸುಮ್ಮಕ ಕುಂದ್ರು. ತಾನ ರೇಟ್ ಹೇಳ್ಕೊಂತ ಬರ್ತಾನ."

ಸಂತೆಯಲ್ಲಿ ಅದು ನಿಜ. ಸಂತೆಯಲ್ಲಿ ಗಿರಾಕಿ ಎದ್ದು ಹೋದರೂ ಬೇವಿನ ಮರದ ನೆರಳಿಗೆ ಹೋಗಿ ಬೀಡಿ ಹಚ್ಚುತ್ತಾನೆ, ಕಣ್ಣು ಎತ್ತಿನ ಮೇಲೇ ಇರುತ್ತದೆ. ಬೊಂಬಾಯಿಯ ಗಿರಾಕಿ ಎದ್ದು ಎಲ್ಲಿಗೆ ಹೋದನೆಂದು ನೋಡಲು ಲಾಲ್‌ಸಾಬನಿಗೆ ಕಣ್ಣಿರಲಿಲ್ಲ. ಆ ಮುದುಕನನ್ನು ಬೈದು ಉಪಯೋಗವಿಲ್ಲ. ಅವನಿಗೆ ಬಂದ ವಿದ್ಯೆ ಅದೊಂದೇ, ಇದ್ದೊಬ್ಬ ಮಗಳಿಗೆ ಅದನ್ನೇ ಕೊಟ್ಟ.

ಆಮೇಲೆ ದಿನಾ ಬೂತಿಗೆ ಹೋದಾಗ ಅವನದು ಒಂದೇ ಪ್ರಶ್ನೆ: "ಬಂತೇನು ಬೇಟಿ?"

"ಇನ್ನ ಇಲ್ಲ ಅಬ್ಬಾ. ನೀ ಅಂದಂಗ ತಾನ ಬರ್ತಾನ ಬಿಡು" ಎನ್ನುತ್ತಿದ್ದಳು ಮಾಸುಂಬಿ. ದಿನಗಳು ಹಾಗೇ ಸರಿದವು. ಶಿವರಾತ್ರಿ ಆಯಿತು, ಬಿಸಿಲು ಏರಿತು, ಯುಗಾದಿ ಹತ್ತಿರ ಬಂತು. ಗೊಬ್ಬರದಂಗಡಿಯವರು ಬಂದು ಬೂತಿನ ಗೋಡೆ ಅಳೆದುಕೊಂಡು ಹೋದರು. ಅವಳು ಮಾತ್ರ ಒಂದು ದಿನವೂ ಅಪ್ಪನ ಮೇಲೆ ಮುಖ ಗಂಟಿಕ್ಕಲಿಲ್ಲ.

ಯುಗಾದಿಯ ಹಿಂದಿನ ದಿನ ಲಾಲ್‌ಸಾಬ್ ಬೂತಿಗೆ ಹೋದಾಗ ಮಾಸುಂಬಿ ಮನೆಗೆ ಹೋಗಿದ್ದಳು. ಮುದುಕಪ್ಪ ಒಬ್ಬನೇ ಕಂಪ್ಯೂಟರನ್ನು ರಟ್ಟಿನ ಡಬ್ಬಿಗೆ ಇಳಿಸುತ್ತಿದ್ದ.

"ಸಾವುಕಾರ್ರ, ಅದನ್ನ ಯಾಕ್ ಕಟ್ಟಾಕತ್ತೀರಿ? ಬೊಂಬಾಯಿ ಗಿರಾಕಿ ಪತ್ರ ಬಂದ್ರ?"

ಮುದುಕಪ್ಪ ಹಗ್ಗ ಬಿಗಿಯುವುದು ನಿಲ್ಲಿಸಿದ. "ಯಾವ ಪತ್ರ ಚಾಚಾ? ಅವ್ರು ಬ್ಯಾರೆ ಹೆಸರು ತಗೊಂಡು ತಿಂಗಳ ಮ್ಯಾಲಾತು. ನೀವು ಸುಮ್ಮಕ ಕುಂದ್ರು ಅಂದ್ರೂ ಆಕಿನ ಅಂಜಿ ರೇಟ್ ಬರದು ಕಳಿಸಿದ್ಲು. ಮೊದ್ಲ ಹೇಳಿದ್ರ ಆ ರೇಟ್ ಕೊಟ್ಟೇಬಿಡ್ತಿದ್ವಿ, ಈಗ ಬ್ಯಾಡ ಅಂತ ಉತ್ತರ ಬಂತು. ನನಗ ಓದಿ ಹೇಳಿ ಅತ್ಲು. ನಿಮಗ ಹೇಳಿಲ್ಲೇನು?"

ಲಾಲ್‌ಸಾಬ್ ಬೂತಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ತಿಂಗಳ ಮೇಲಾಯಿತು. ಅಷ್ಟು ದಿನವೂ ಅವನು ಗಡ್ಡ ಒಪ್ಪ ಮಾಡಿಕೊಂಡು, ಮಡಿ ಟವೆಲ್ ಹಾಕಿಕೊಂಡು ಬಂದು, ಬಂತೇನು ಎಂದು ಕೇಳಿದ್ದ. ಅಷ್ಟು ದಿನವೂ ಅವಳು ನಗುನಗುತ್ತಾ ಇನ್ನ ಇಲ್ಲ ಎಂದಿದ್ದಳು. ಮಗಳ ಅನ್ನ ತಾನೇ ಕಸಿದೆನಲ್ಲ ಎಂಬ ಸಂಕಟಕ್ಕಿಂತ, ಅವಳು ತನ್ನನ್ನು ನೋಯಿಸದೆ ಅದನ್ನೆಲ್ಲ ಒಬ್ಬಳೇ ನುಂಗಿದಳಲ್ಲ ಎಂಬುದನ್ನೇ ಅವನಿಗೆ ತಡೆಯಲಾಗಲಿಲ್ಲ. ಬಸ್‌ಸ್ಟ್ಯಾಂಡಿನ ಜನರೆದುರು ಅವನು ಅತ್ತ. ಯಾರೂ ಏನೆಂದು ಕೇಳಲಿಲ್ಲ.

ಕಣ್ಣು ಒರೆಸಿಕೊಂಡು ಮನೆಗೆ ಹೋದ. ಮಾಸುಂಬಿ ಬಟ್ಟೆ ಗಂಟು ಕಟ್ಟುತ್ತಿದ್ದಳು. ತಪ್ಪಾಯಿತು ಬೇಟಿ ಎಂಬ ಮಾತು ದಾರಿಯುದ್ದಕ್ಕೂ ಅವನ ಬಾಯಲ್ಲೇ ಇತ್ತು. ಆದರೆ ಅವಳು ಕತ್ತೆತ್ತಿ, "ಕೈಕಾಲ್ ತೊಳ್ಕೊ ಅಬ್ಬಾ, ರೊಟ್ಟಿ ಬಿಸಿ ಐತಿ" ಎಂದಾಗ ಅದು ಹೊರಬರಲಿಲ್ಲ. ತನಗೆ ಗೊತ್ತಾಯಿತೆಂದು ಅವನು ಹೇಳಿದರೆ ಅವಳು ಅಷ್ಟು ದಿನ ಕಾಪಾಡಿದ್ದು ಹಾಳಾಗುತ್ತಿತ್ತು. ಅವಳಿಗೆಂದು ಉಳಿಸಿಕೊಡಲು ಅವನ ಬಳಿ ಇದ್ದದ್ದು ಅದೊಂದೇ. ಕೈಕಾಲು ತೊಳೆದು ಬಂದು ರೊಟ್ಟಿ ತಿಂದ.

ಹಬ್ಬ ಮುಗಿದ ಮೇಲೆ ಮಸ್ಕಿಯ ಬಸ್ಸಿಗೆ ಅವಳನ್ನು ಹತ್ತಿಸಲು ಹೋದ. ಅವಳು ಕಿಟಕಿ ಪಕ್ಕ ಕೂತಳು. ಬಾಡಿಗೆ ಕೋಣೆ ಖಾಲಿ ಮಾಡಿ ಗುರುಗುಂಟಾಕ್ಕೆ ಹೋಗು, ಹೊತ್ತಿಗೆ ಸರಿಯಾಗಿ ಉಣ್ಣು ಎಂದೆಲ್ಲ ಹೇಳಿದಳು. ಡ್ರೈವರ್ ಹತ್ತಿ ಕೂತ. ಲಾಲ್‌ಸಾಬ್ ಕಿಟಕಿಯ ಸರಳು ಹಿಡಿದುಕೊಂಡು, ಗಂಟಲು ಸರಿಮಾಡಿಕೊಂಡು, ಹಳೆಯ ದಲ್ಲಾಳಿಯ ದನಿಯಲ್ಲಿ ಹೇಳಿದ:

"ಬೊಂಬಾಯಿಯಾವ ಬಂದ್ರ ನಂಗ ಹೇಳಿ ಕಳಿಸು. ನೀ ಮಾತ್ರ ರೇಟ್ ಹೇಳಬ್ಯಾಡ."

ಮಾಸುಂಬಿಯ ಮುಖ ಅರಳಿತು. ಅಪ್ಪನಿಗೆ ಏನೂ ಗೊತ್ತಾಗಲಿಲ್ಲ ಎಂಬ ನೆಮ್ಮದಿ ಅದು. "ಹೇಳಂಗಿಲ್ಲ ಅಬ್ಬಾ. ನಿಂಗ ಹೇಳಿ ಕಳಿಸ್ತೀನಿ" ಎಂದಳು.

ಬಸ್ಸು ಹೊರಟಿತು. ಸರಳು ಕೈ ಬಿಡುವತನಕ ಲಾಲ್‌ಸಾಬ್ ನಗುತ್ತಲೇ ಇದ್ದ.