ಏರಿಯ ಹಿಂದೆ ಕಂಡ ಉಲ್ಲಂಕಿ

ನಿಂಗಯ್ಯನವರು ನಿರಪರಾಧಿ ಎಂಬುದಕ್ಕೆ ಬರಹದ ಸಾಕ್ಷಿ ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಮುಚ್ಚಿಟ್ಟೆ. ಮರೆವಿನಿಂದಲ್ಲ — ನನಗೆ ಮರೆವೆಂಬುದೇ ಇಲ್ಲ — ತಿಳಿದೂ ತಿಳಿದೂ ಮುಚ್ಚಿಟ್ಟೆ.

ಹಗರೆಗೆ ಸಮೀಪದ ನಮ್ಮೂರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿದ್ದೆ. ತೊಂಬತ್ತರ ದಶಕದುದ್ದಕ್ಕೂ ಪ್ರತಿ ಬೆಳಿಗ್ಗೆ ಪಾಠಕ್ಕೆ ಮುನ್ನ ಊರ ಕೆರೆಯನ್ನು ಸುತ್ತಿ, ಕಂಡದ್ದನ್ನು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟೆ. ಮುಂಗಾರಿನ ಮೊದಲ ಕಪ್ಪೆ ಯಾವ ದಿನ ಕೂಗಿತು, ಶ್ರಾವಣದಲ್ಲಿ ತಾವರೆ ಎಲೆ ಎಲ್ಲಿಯವರೆಗೆ ಹಬ್ಬಿತು, ಚಳಿಗೆ ಬಾತುಗಳು ಎಂದು ಇಳಿದವು, ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆಸರಿನಿಂದ ಯಾವ ಹುಲ್ಲು ಮೊದಲು ತಲೆಯೆತ್ತಿತು — ಎಲ್ಲವೂ ಅದರಲ್ಲಿದೆ. ಆ ಪುಸ್ತಕದ ಬಗ್ಗೆ ನನಗೆ ಇಂದಿಗೂ ಹೆಮ್ಮೆ. ಅದನ್ನೇಕೆ ಅಡಗಿಸಲಿ?

ನಿಂಗಯ್ಯನವರು ಆ ಕೆರೆಯ ನೀರಗಂಟಿ. ತೂಬು ತೆಗೆದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು ತಾತನ ಕಾಲದಿಂದ ಅವರ ಮನೆಗೆ ಬಂದ ಕೆಲಸ. ಸುಗ್ಗಿಯಲ್ಲಿ ಒಬ್ಬೊಬ್ಬ ಗದ್ದೆಯವನೂ ಅವರ ಪಾಲಿಗೆಂದು ಒಂದು ಹೊರೆ ತೆನೆ ಬಿಡುತ್ತಿದ್ದ.

ಒಂದು ಮಳೆಗಾಲ ಹತ್ತನೆಯ ತರಗತಿಯ ಮಕ್ಕಳನ್ನು ಕೆರೆಯಂಚಿಗೆ ಕರೆದೊಯ್ದಿದ್ದೆ. ಕೆಸರಿಗೆ ಉದ್ದ ಕೊಕ್ಕು ಚುಚ್ಚಿ ಹುಳ ಹೆಕ್ಕುವ ಬಣ್ಣದ ಉಲ್ಲಂಕಿ ಕಾಣಿಸಿತು. ಕೆಂಗಂದು ಕತ್ತು, ಕಣ್ಣ ಸುತ್ತ ಬಿಳಿಯ ಪಟ್ಟಿ. ಇದು ಗಂಡು, ಅಗೋ ಗೂಡಿನ ಮೇಲೆ ಕುಳಿತ ಮಂಕುಬಣ್ಣದ್ದು ಹೆಣ್ಣು, ಎಂದು ವಿವರಿಸಿದೆ. ಏರಿಯ ಮೇಲಿಂದ ನಿಂಗಯ್ಯನವರ ನಗು ಕೇಳಿತು.

“ಅಯ್ಯೋ ಮೇಷ್ಟ್ರೇ, ಉಲ್ಟಾ ಹೇಳ್ಕೊಡ್ತಾ ಇದ್ದೀರಲ್ಲ! ಬಣ್ಣ ಬಳ್ಕೊಂಡು ತಿರುಗ್ತಾಳಲ್ಲ, ಅವ್ಳು ಹೆಣ್ಣು ಕಣ್ರೀ. ಮೊಟ್ಟೆ ಮೇಲೆ ಕುಂತಿರೋ ಬಡಪಾಯಿ ಗಂಡು. ನಮ್ಮನೇಲೂ ಹಂಗೇಯ!”

ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಮೊದಲು ನಕ್ಕವನು ಯಾರು, ಕೊನೆಗೆ ನಗು ನಿಲ್ಲಿಸಿದವಳು ಯಾರು ಎಂಬುದೂ ನನಗೆ ನೆನಪಿದೆ. ಆ ವಾರವೇ ಪುಸ್ತಕಗಳನ್ನು ತಿರುವಿ ನೋಡಿದೆ. ಅವರು ಹೇಳಿದ್ದೇ ಸರಿ. ನನ್ನ ಬರಹವನ್ನು ಮಾತ್ರ ತಿದ್ದಲಿಲ್ಲ.

ಮೂರು ವರ್ಷ ಕಳೆಯಿತು. ಮಾರ್ಗಶಿರದ ಒಂದು ಬೆಳಿಗ್ಗೆ ಏರಿಯ ಹಿಂಬದಿಯಲ್ಲಿ, ಹಿಂದಿನ ವರ್ಷಗಳ ಅದೇ ತಿಂಗಳಲ್ಲಿ ನಾನು ‘ಒಣ ಗರಿಕೆ’ ಎಂದು ಬರೆದಿದ್ದ ಜಾಗದಲ್ಲಿ, ಜೊಂಡು ಚಿಗುರಿತ್ತು. ಅದರ ನಡುವೆ ಕೊಕ್ಕು ಚುಚ್ಚುತ್ತಾ — ಅದೇ ಉಲ್ಲಂಕಿ. ಕೆರೆಯೊಳಗಿರಬೇಕಾದ ಹಕ್ಕಿಗೆ ಏರಿಯಾಚೆ ಏನು ಕೆಲಸ? ತೂಬು ಮುಚ್ಚಿದ ದಿನಗಳಲ್ಲೂ ಅಲ್ಲಿ ತೇವ ಹೆಚ್ಚುತ್ತಲೇ ಇತ್ತು. ಏರಿ ಒಳಗೊಳಗೇ ಸೋರುತ್ತಿದೆ ಎಂದು ನನಗೆ ಖಚಿತವಾಯಿತು. ಹನ್ನೊಂದು ದಿನ ಬರೆದೆ, ಯಾರಿಗೂ ಹೇಳಲಿಲ್ಲ. ಎಲ್ಲ ಬಲ್ಲ ನೀರಗಂಟಿ, ಅವನೇ ಕಂಡುಹಿಡಿಯಲಿ ಎಂದುಕೊಂಡೆ.

ಭತ್ತ ಹಾಲುಗಟ್ಟುವ ಹೊತ್ತಿಗೆ ನೀರು ತೂಬಿಗಿಂತ ಕೆಳಗಿಳಿಯಿತು. ಅರಳಿಕಟ್ಟೆಯಲ್ಲಿ ಊರು ಸೇರಿತು.

“ತೂಬು ಸರಿಯಾಗಿ ಮುಚ್ದೆ ನಿದ್ದೆ ಹೊಡ್ದಿದ್ದೀಯ ಕಣ್ಲಾ ನಿಂಗ!”

“ಇಲ್ಲ ಸ್ವಾಮಿ, ಏರಿ ಸೋರ್ತಾ ಐತೆ. ಹಿಂದ್ಗಡೆ ಜೌಗು ಎದ್ದೈತೆ, ಬಂದು ನೋಡಿ.”

“ಏರಿ ಹಿಂದೆ ತೇವ ಯಾವತ್ತು ಇರ್ಲಿಲ್ಲ, ಹೇಳ್ಲಾ?”

ನಿಂಗಯ್ಯನವರು ನನ್ನತ್ತ ತಿರುಗಿದರು. “ಮೇಷ್ಟ್ರು ದಿನಾ ಬರ್ಕಂತಾರೆ. ಅವ್ರನ್ನ ಕೇಳಿ. ಅವ್ರು ಹೇಳ್ದಂಗೆ ಆಗ್ಲಿ.”

ಪುಸ್ತಕ ನನ್ನ ಚೀಲದಲ್ಲೇ ಇತ್ತು. ನಾನು ಹೇಳಿದೆ: “ನಾನು ಬರೆಯೋದು ಹಕ್ಕಿಗಳ ವಿಷಯ. ನೀರಿನ ವಿಷಯ ನನಗೆ ಗೊತ್ತಿಲ್ಲ.”

ಎರಡನೆಯ ಮಾತು ಸುಳ್ಳು. ಮೊದಲನೆಯದೂ —

ಅಂದೇ ಅವರ ಕೈಯಿಂದ ತೂಬು ಹೋಯಿತು. ಆ ಸುಗ್ಗಿಯಲ್ಲಿ ಯಾರೂ ಅವರ ಪಾಲಿನ ಹೊರೆ ಬಿಡಲಿಲ್ಲ. ಹುಲಿಕೆರೆಯ ಮಗಳ ಮನೆ ಸೇರಿ ಕೂಲಿಗೆ ನಿಂತರು. ಎರಡು ವರ್ಷದ ಬಳಿಕ ಏರಿ ಅಗೆದಾಗ ತೋಳು ತೂರುವಷ್ಟು ದೊಡ್ಡ ಬಿಲ ಸಿಕ್ಕಿತು. “ಏಡಿ ಕೆಲ್ಸ” ಎಂದು ಮಣ್ಣು ತುಂಬಿದರು. ನಿಂಗಯ್ಯನವರ ಹೆಸರನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನನಗಾದ ಅವಮಾನವನ್ನು ಅಷ್ಟು ವರ್ಷ ಜತನದಿಂದ ಕಾಯ್ದುಕೊಂಡವನು, ನಾನು ಮಾಡಿದ ಅನ್ಯಾಯವನ್ನು ಮಾತ್ರ...

ಕಳೆದ ವಾರ ಹುಲಿಕೆರೆಗೆ ಹೋದೆ. ಜಗಲಿಯಲ್ಲಿ ಕುಳಿತು ಹನ್ನೊಂದು ದಿನದ ಬರಹವನ್ನೂ ಅವರಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿದರು.

“ಗೊತ್ತಿತ್ತು ಕಣ್ರೀ ಮೇಷ್ಟ್ರೇ. ನೀವು ಆ ಜೌಗಲ್ಲಿ ಬಗ್ಗಿ ಬಗ್ಗಿ ನೋಡಿ ಬರ್ಕಂತಿದ್ದಿದ್ನ ಏರಿ ಮೇಲಿಂದ ನಾನೇ ನೋಡಿದ್ದೆ. ಅದ್ಕೇ ಅವತ್ತು ನಿಮ್ಮ ಹೆಸ್ರು ಹೇಳಿದ್ದು.” ಲೋಟವನ್ನು ನನ್ನತ್ತ ಸರಿಸಿ, “ಕಾಪಿ ಆರೋಯ್ತದೆ, ಕುಡೀರಿ” ಎಂದರು.

ಭಾನುವಾರ ಅದೇ ಅರಳಿಕಟ್ಟೆಯಲ್ಲಿ ಕೆರೆಯ ರೈತರು ಸೇರುತ್ತಾರೆ. ಆ ಹನ್ನೊಂದು ಪುಟಗಳನ್ನು ಅಲ್ಲಿ ಗಟ್ಟಿಯಾಗಿ ಓದುತ್ತೇನೆ. ಅಂದು ನಾನಾಡಿದ ಎರಡು ಮಾತುಗಳನ್ನೂ ಹೇಳುತ್ತೇನೆ. ನಗುವವರು ನಗಲಿ, ಉಗಿಯುವವರು ಉಗಿಯಲಿ. ಈ ಸಲ ಅವರ ಹೆಸರುಗಳನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಇಂದು ಬೆಳಿಗ್ಗೆ ಆ ಹಳೆಯ ಮಳೆಗಾಲದ ಪುಟವನ್ನು ತೆರೆದು ‘ಗಂಡು’ ಎಂಬುದನ್ನು ಹೊಡೆದುಹಾಕಿ ‘ಹೆಣ್ಣು’ ಎಂದು ತಿದ್ದಿದೆ. ಪಕ್ಕದಲ್ಲಿ ಬರೆದೆ: ತಿಳಿಸಿದವರು, ನೀರಗಂಟಿ ನಿಂಗಯ್ಯನವರು.